ಹೋಮ್‌ಸ್ಟೇ ಕೆರೆಯ ಏರಿ ಬುಡದಲ್ಲಿ ನೀರು ಒಸರುತ್ತಿದೆ. ಈ ಮಳೆಗಾಲ ತಡೆಯುತ್ತಾ?

ತೋಟದ_ಹುಡುಗ
ಎಲ್ಲರಿಗೂ ನಮಸ್ಕಾರ. ಸಕಲೇಶಪುರದ ಕಡೆ ನಮ್ಮ ಚಿಕ್ಕಪ್ಪನ ಕಾಫಿ ತೋಟ ಇದೆ. ಹೋಮ್‌ಸ್ಟೇ ಶುರು ಮಾಡಿದಾಗ ಎರಡು ಗುಡ್ಡದ ನಡುವಿನ ಹಳ್ಳಕ್ಕೆ ಅಡ್ಡ ಮಣ್ಣಿನ ಏರಿ ಹಾಕಿಸಿ ಕೆರೆ ಮಾಡಿಸಿದರು. ಬೋಟಿಂಗ್, ಗಾಳ ಹಾಕೋದು, ಏರಿ ಮೇಲೆ ಸಂಜೆ ಕ್ಯಾಂಪ್ ಫೈರ್. ಇಷ್ಟಕ್ಕೇ ಆ ಕೆರೆ, ತೋಟಕ್ಕೆ ಅದರ ನೀರು ಬಳಸುವುದಿಲ್ಲ. ಏರಿ ಸುಮಾರು 20 ಅಡಿ ಎತ್ತರ, 150 ಅಡಿ ಉದ್ದ. ತುಂಬಿದಾಗ ನೀರು ಒಂದು ಎಕರೆ ಚಿಲ್ಲರೆ ಜಾಗದಲ್ಲಿ ನಿಲ್ಲುತ್ತದೆ. ಜೆಸಿಬಿ ತಂದು ಕಟ್ಟಿಸಿದ್ದು. ಎಂಜಿನಿಯರ್ ಯಾರೂ ನೋಡಿಲ್ಲ.

ಈ ಸಲ ಊರಿಗೆ ಹೋದಾಗ ಏರಿಯ ಹಿಂಬದಿ ಇಳಿದು ನೋಡಿದೆ. ಬುಡದಲ್ಲಿ ಒಂದು ಕೋಣೆಯಷ್ಟು ಜಾಗ ಪೂರ್ತಿ ಒದ್ದೆ. ಬೇಸಿಗೆಯಲ್ಲೂ ಅಲ್ಲಿ ಜೊಂಡು ಹಸಿರಾಗಿ ನಿಂತಿದೆ. ಒಂದು ಕಡೆ ಹೆಬ್ಬೆರಳು ದಪ್ಪ ನೀರು ಹರಿಯುತ್ತಿದೆ. ಏರಿ ತಲೆ ಮೇಲೆ ಉದ್ದಕ್ಕೆ ಒಂದು ಬಿರುಕು, ನನ್ನ ಬೆರಳು ತೂರುವಷ್ಟು. ಮೇಲೆ ಸಾಲಾಗಿ ಸಿಲ್ವರ್ ಓಕ್ ಇದೆ, ಅದಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿದ್ದಾರೆ.

ಏರಿಯ ಕೆಳಗೆ ಗದ್ದೆ, ಆಮೇಲೆ ತೋಟದ ಕೆಲಸದವರ ಲೈನ್ ಮನೆಗಳು, ಆಮೇಲೆ ಊರಿನ ರಸ್ತೆ. ಚಿಕ್ಕಪ್ಪ ಮಾತ್ರ "ಎಲ್ಲಾ ಕೆರೆನೂ ಒಸರುತ್ತೆ ಕಣೋ, ಸಿಮೆಂಟ್ ಪ್ಲಾಸ್ಟರ್ ಹೊಡೆಸ್ತೀನಿ ಬಿಡು" ಅಂತಾರೆ. ಹೆದರಬೇಕಾ, ಬೇಡವಾ?

ಸುಮ್ನೆ_ಓದುಗ
ಫೋಟೋ ಹಾಕಿ ಗುರೂ.

ಹೊಂಗೆ_ನೆರಳು
ಹೆದರಬೇಕು. ತುಂಗಭದ್ರಾ ಡ್ಯಾಮಿನದ್ದೇ 2024ರ ಆಗಸ್ಟ್‌ನಲ್ಲಿ 19ನೇ ಗೇಟ್ ಕೊಚ್ಚಿಕೊಂಡು ಹೋಯಿತು. ಸರ್ಕಾರದ್ದೇ ಹಾಗಾದರೆ ಜೆಸಿಬಿ ಕೆರೆ ಯಾವ ಲೆಕ್ಕ.

ಹಳೇ_ಓವರ್ಸಿಯರ್
ತುಂಗಭದ್ರಾ ಬೇರೆ, ಇದು ಬೇರೆ. ಅಲ್ಲಿ ತುಂಡಾಗಿದ್ದು ಗೇಟಿನ ಚೈನು. ಕಟ್ಟೆಗೆ ಏನೂ ಆಗಲಿಲ್ಲ, ವಾರದೊಳಗೆ ಸ್ಟಾಪ್‌ಲಾಗ್ ಅನ್ನೋ ತಾತ್ಕಾಲಿಕ ಉಕ್ಕಿನ ತಡೆ ಇಳಿಸಿದರು. ಮಣ್ಣಿನ ಏರಿ ಒಡೆದರೆ ಇಳಿಸೋಕೆ ಏನೂ ಇರಲ್ಲ.

ತಮ್ಮಾ, ಮೊದಲು ಒಂದು ಕೆಲಸ ಮಾಡು. ಆ ಹರಿಯೋ ನೀರನ್ನು ಬಿಳಿ ಗಾಜಿನ ಬಾಟಲಿಯಲ್ಲಿ ಹಿಡಿ. ರಾತ್ರಿಯಿಡೀ ಅಲ್ಲಾಡಿಸದೆ ಇಡು. ಬೆಳಿಗ್ಗೆ ತಳದಲ್ಲಿ ಗೋಡು ಕೂತಿದೆಯಾ ನೋಡು. ಕೂತಿದ್ದರೆ ನೀರು ಏರಿಯೊಳಗಿನ ಮಣ್ಣನ್ನು ಹೊತ್ತು ತರುತ್ತಿದೆ ಅಂತ. ಆಗ ಒಂದು ದಿನವೂ ಕಾಯಬಾರದು. ತಿಳಿಯಾಗಿದ್ದರೆ ಸ್ವಲ್ಪ ಸಮಯ ಇದೆ.

ಎರಡನೆಯದು, ಅಲ್ಲಿಗೆ ಒಂದು ತುಂಡು ಪೈಪ್ ಸಿಕ್ಕಿಸಿ ಬಕೆಟ್ ಇಡು. ಹತ್ತು ಲೀಟರ್ ತುಂಬೋಕೆ ಎಷ್ಟು ಸೆಕೆಂಡ್ ಅಂತ ಬರೆದಿಡು. ವಾರಕ್ಕೊಮ್ಮೆ ನೋಡು. ಕೆರೆ ಮಟ್ಟ ಅಷ್ಟೇ ಇದ್ದು ಒಸರು ಜಾಸ್ತಿ ಆಗ್ತಾ ಇದ್ರೆ ಒಳಗೆ ದಾರಿ ದೊಡ್ಡದಾಗ್ತಾ ಇದೆ ಅಂತಲೇ ಅರ್ಥ.

ಇನ್ನು ಸಿಮೆಂಟ್ ಪ್ಲಾಸ್ಟರ್ ಮಾತ್ರ ಖಂಡಿತ ಬೇಡ. ಹೊರಗೆ ಬರೋ ನೀರನ್ನು ಹೊರಗಿನಿಂದ ಮುಚ್ಚಿದರೆ ಅದು ಒಳಗೇ ನಿಂತು ಏರಿ ಬುಡವನ್ನೆಲ್ಲ ನೆನೆಸುತ್ತದೆ. ನಾಳೆ ಇನ್ನೊಂದು ಕಡೆ ಕಿತ್ತುಕೊಂಡು ಬರುತ್ತದೆ.

ಮಣ್ಣು_ಕೆಲಸ
ಸರ್, ನಾನು ಈ ಕೆಲಸ ಮಾಡಿಸೋನು. ಜೆಸಿಬಿ ಅಂದ ತಕ್ಷಣ ಎಲ್ಲರೂ ಬೈತೀರ. ಮಣ್ಣು ಸುರಿದು ಮೇಲೆ ಗಾಡಿ ಓಡಾಡಿದ್ರೆ ಧಮ್ಮಸ್ ಆಗೇ ಆಗುತ್ತೆ. ನಾವು ಕಟ್ಟಿದ ಹೊಂಡ ಒಂದೂ ಒಡೆದಿಲ್ಲ.

ಏರಿ_ಎಂಜಿನಿಯರ್
ಆಗಲ್ಲ ಸರ್. ಜೆಸಿಬಿ ಒಂದೇ ಜಾಡಿನಲ್ಲಿ ಓಡುತ್ತದೆ, ಆ ಜಾಡಿನಲ್ಲಿ ಮಾತ್ರ ಮಣ್ಣು ಗಟ್ಟಿ, ಪಕ್ಕದಲ್ಲಿ ಪೊಳ್ಳು. ಚೈನ್ ಇರೋ ಪೊಕ್ಲೇನ್ ಇನ್ನೂ ಕಡೆ. ಕೆಸರಲ್ಲಿ ಹೂತು ಹೋಗಬಾರದು ಅಂತ ಅದರ ಭಾರವನ್ನು ಅಗಲಕ್ಕೆ ಹರಡಿಯೇ ಮಾಡಿರುತ್ತಾರೆ. ಅದು ಮಣ್ಣು ಒತ್ತೋ ಯಂತ್ರವೇ ಅಲ್ಲ.

ಏರಿ ಹಾಕೋದು ಅಂದ್ರೆ ಅರ್ಧ ಅಡಿ, ಮುಕ್ಕಾಲು ಅಡಿ ದಪ್ಪಕ್ಕೆ ಮಣ್ಣು ಹರಡಬೇಕು. ಹದಕ್ಕೆ ನೀರು ಚಿಮುಕಿಸಬೇಕು. ಗೂಟದ ರೋಲರ್ ಓಡಿಸಬೇಕು. ಆಮೇಲೆ ಮುಂದಿನ ಪದರ. ನಡುವೆ ಜೇಡಿಮಣ್ಣಿನ ಗರ್ಭ, ಅದು ಕೆಳಗೆ ಗಟ್ಟಿ ನೆಲದವರೆಗೆ ಇಳಿದಿರಬೇಕು. ಹಳ್ಳದ ಹಳೇ ಮರಳು, ಬೇರು, ಎಲೆಗೊಬ್ಬರ ಎಲ್ಲ ಕಿತ್ತು ತೆಗೆದಿರಬೇಕು. ಮಲೆನಾಡಲ್ಲಿ ಇದನ್ನೇ ಯಾರೂ ಮಾಡಲ್ಲ. ಹಳ್ಳದ ಮೇಲೇ ಮಣ್ಣು ಸುರೀತಾರೆ. ಹಳ್ಳ ತನ್ನ ಹಳೇ ದಾರಿಯಲ್ಲೇ ಏರಿ ಅಡಿಯಿಂದ ಹರೀತಾ ಇರುತ್ತೆ.

ತೋಟದ_ಹುಡುಗ, ಕೆಲವು ಪ್ರಶ್ನೆ. ಕೋಡಿ, ಅಂದ್ರೆ ಹೆಚ್ಚಾದ ನೀರು ಹೊರಗೆ ಹೋಗೋ ದಾರಿ, ಎಲ್ಲಿದೆ? ನೀವು ಕೋಡಿ ವಿಷಯವನ್ನೇ ಬರೆದಿಲ್ಲ. ಏರಿ ಒಳಗೆ ಪೈಪ್ ಹಾದುಹೋಗಿದೆಯಾ? ಗುಡ್ಡದ ಎಷ್ಟು ಎಕರೆ ನೀರು ಕೆರೆಗೆ ಬರುತ್ತೆ?

ತೋಟದ_ಹುಡುಗ
ಕೋಡಿ ಅಂತ ಬೇರೆ ಇಲ್ಲ ಸರ್. ಏರಿ ತಲೆಯಿಂದ ಎರಡೂವರೆ ಅಡಿ ಕೆಳಗೆ 6 ಇಂಚಿನ ಎರಡು ಪಿವಿಸಿ ಪೈಪ್ ಅಡ್ಡ ಹಾಕಿದ್ದಾರೆ. ಜಾಸ್ತಿ ನೀರು ಅದರಲ್ಲೇ ಹೋಗುತ್ತೆ. ಮೀನು ಹೋಗಬಾರದು ಅಂತ ಅದರ ಬಾಯಿಗೆ ಬಲೆ ಕಟ್ಟಿದ್ದಾರೆ. ತಳದಲ್ಲಿ ನೀರು ಬಿಡೋ ತೂಬು ಇಲ್ಲ. ಗುಡ್ಡದ ನೀರು ಸರ್ವೆ ನಕ್ಷೆ ಪ್ರಕಾರ ಸುಮಾರು 20 ಎಕರೆಯದ್ದು.

ಬಾಟಲಿ ನೋಡಿದೆ. ಸದ್ಯಕ್ಕೆ ತಿಳಿಯಾಗಿದೆ. ಹತ್ತು ಲೀಟರ್ ತುಂಬೋಕೆ ಮುಕ್ಕಾಲು ನಿಮಿಷ.

ಏರಿ_ಎಂಜಿನಿಯರ್
ನೀವು ಒಸರು ನೋಡಿ ಹೆದರಿದ್ದೀರಿ. ನನಗೆ ಹೆದರಿಕೆ ಆಗಿದ್ದು ಈ ಎರಡು ಪೈಪ್ ಓದಿ. ಲೆಕ್ಕ ನೋಡಿ.

20 ಎಕರೆ ಅಂದರೆ ಸುಮಾರು 81 ಸಾವಿರ ಚದರ ಮೀಟರ್. ಒಂದು ಗಂಟೆಯಲ್ಲಿ 5 ಸೆಂಟಿಮೀಟರ್ ಮಳೆ ಬಿತ್ತು ಅಂತಿಟ್ಟುಕೊಳ್ಳಿ. ಜುಲೈನಲ್ಲಿ ನೆಲ ಪೂರ್ತಿ ನೆನೆದಿರುತ್ತೆ, ಐದರಲ್ಲಿ ನಾಲ್ಕು ಪಾಲು ನೀರು ಇಳಿದು ಬರುತ್ತೆ. ಅಂದರೆ ಸೆಕೆಂಡಿಗೆ ಸುಮಾರು 900 ಲೀಟರ್. ನಿಮ್ಮ ಎರಡು ಪೈಪ್ ಸೇರಿ ಚೆನ್ನಾಗಿ ಹರಿದರೆ ಸೆಕೆಂಡಿಗೆ 70 ಲೀಟರ್. ಬಲೆಗೆ ಸಿಲ್ವರ್ ಓಕ್ ಎಲೆ ಸಿಕ್ಕಿಕೊಂಡರೆ ಅದೂ ಇಲ್ಲ. ಉಳಿದ 830 ಲೀಟರ್ ಕೆರೆಯಲ್ಲೇ ನಿಲ್ಲಬೇಕು. ನಿಮ್ಮ ಕೆರೆ ಅಗಲಕ್ಕೆ ಅದು ಗಂಟೆಗೆ ಎರಡು ಅಡಿ ಏರಿದ ಹಾಗೆ. ತಲೆಗೆ ಉಳಿದಿರೋದು ಎರಡೂವರೆ ಅಡಿ.

ಅಂಥ ಮಳೆ ಒಂದೂಕಾಲು ಗಂಟೆ ಬಿಡದೆ ಹೊಡೆದರೆ ನೀರು ಏರಿ ಮೇಲೆ ಹತ್ತುತ್ತೆ. ಕಲ್ಲಿನ ಕಟ್ಟೆ ಮೇಲೆ ನೀರು ಹರಿದರೆ ತಡೆದುಕೊಳ್ಳುತ್ತೆ, ಮಣ್ಣಿನದ್ದು ತಡೆಯಲ್ಲ. ಹಿಂಬದಿ ಇಳಿಜಾರನ್ನು ಕೊರೆದುಕೊಂಡು ಹಿಂದಕ್ಕೆ ಬರುತ್ತೆ, ತಲೆ ತಲುಪಿದ ಮೇಲೆ ನಿಮಿಷಗಳ ಆಟ. ಕೆರೆಯಲ್ಲಿ ಎಷ್ಟು ನೀರಿದೆ? ಸರಾಸರಿ ಎರಡು ಮೀಟರ್ ಆಳ ಹಿಡಿದರೂ ಒಂದು ಕೋಟಿ ಲೀಟರ್ ಹತ್ತಿರ. 12 ಸಾವಿರ ಲೀಟರಿನ ಎಂಟುನೂರು ಟ್ಯಾಂಕರ್ ಲೈನ್ ಮನೆ ಮೇಲೆ ಒಟ್ಟಿಗೆ ಸುರಿದರೆ ಏನಾಗುತ್ತೋ ಅದು.

ಹೋಮ್‌ಸ್ಟೇ_ಅಕ್ಕ
ನೀವೆಲ್ಲ ಇಷ್ಟು ಹೆದರಿಸಿದರೆ ಮಲೆನಾಡಲ್ಲಿ ಯಾರೂ ಬದುಕೋ ಹಾಗಿಲ್ಲ. ಮೂಡಿಗೆರೆ ಕಡೆ ನಮ್ಮ ಮಾವನವರ ಕಾಲದ ಕೆರೆ ಇದೆ. ಯಾವಾಗಲೂ ಬುಡದಲ್ಲಿ ಸ್ವಲ್ಪ ಒದ್ದೆ ಇರುತ್ತೆ, ಏನೂ ಆಗಿಲ್ಲ. ಗಂಟೆಗೆ 5 ಸೆಂಟಿಮೀಟರ್ ಮಳೆ ದಿನಾ ಬರುತ್ತಾ?

ಏರಿ_ಎಂಜಿನಿಯರ್
ದಿನಾ ಬರಬೇಕಾಗಿಲ್ಲ ಮೇಡಂ, ಒಂದು ಸಲ ಬಂದರೆ ಸಾಕು. ನಿಮ್ಮ ಮಾವನವರ ಕೆರೆಗೆ ಕೋಡಿ ಇದೆಯಾ?

ಹೋಮ್‌ಸ್ಟೇ_ಅಕ್ಕ
ಇದೆ. ಕಲ್ಲು ಹಾಸಿದ್ದು. ಎತ್ತಿನ ಗಾಡಿ ಹೋಗುವಷ್ಟು ಅಗಲ.

ಹಳೇ_ಓವರ್ಸಿಯರ್
ಅದಕ್ಕೇ ಮೇಡಂ ಇನ್ನೂ ನಿಂತಿರೋದು.

ಶಾಸನಪ್ರಿಯ
ಸ್ವಲ್ಪ ವಿಷಯಾಂತರ, ಕ್ಷಮಿಸಿ. ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ 1369ರ ಶಾಸನ ಇದೆ. ಬುಕ್ಕರಾಯನ ಮಗ ಭಾಸ್ಕರ ಕಟ್ಟಿಸಿದ ಕೆರೆಯದ್ದು. ಒಳ್ಳೇ ಕೆರೆಗೆ ಬೇಕಾದ ಹನ್ನೆರಡು ಅಂಗ, ಕೆರೆಗೆ ಇರಬಾರದ ಆರು ದೋಷ ಅಂತ ಅದರಲ್ಲಿ ಪಟ್ಟಿಯೇ ಇದೆ. ಏರಿಯಿಂದ ನೀರು ಒಸರೋದು ಆ ದೋಷಗಳಲ್ಲಿ ಒಂದು. ಚಿಕ್ಕಪ್ಪನವರಿಗೆ ವಿಜಯನಗರದವರೇ ಹೇಳಿದ್ದಾರೆ ಅಂತ ಹೇಳಿ ನೋಡಿ.

ಸುಮ್ನೆ_ಓದುಗ
ಚಿಕ್ಕಪ್ಪ: "ವಿಜಯನಗರದೋರು ಹೋಮ್‌ಸ್ಟೇ ಇಟ್ಟಿದ್ರಾ?"

ತೋಟದ_ಹುಡುಗ
😂 ನೀವು ನಮ್ಮ ಮನೆಗೆ ಬಂದಿದ್ದೀರಾ? ಇದೇ ಧಾಟಿ.

ಶಾಸನಪ್ರಿಯ
ಹಳೇ ಊರಕೆರೆಗೆ ಯಜಮಾನಿಕೆ ಇತ್ತು, ಅದು ಮುಖ್ಯ. ಕೆರೆ ನೋಡಿಕೊಳ್ಳೋನಿಗೆ ಕಟ್ಟುಕೊಡಗಿ ಅಂತ ಜಮೀನು ಬಿಟ್ಟಿರುತ್ತಿದ್ದರು. ನೀರು ಬಿಡೋಕೆ ನೀರುಗಂಟಿ. ವರ್ಷ ವರ್ಷ ಏರಿಗೆ ಮಣ್ಣು ಹಾಕೋದು ಊರಿನ ಕೆಲಸ. ಚನ್ನಗಿರಿ ಹತ್ತಿರದ ಸೂಳೆಕೆರೆ ಸುಮ್ನೆ ನೂರಾರು ವರ್ಷ ನಿಂತಿಲ್ಲ. ಹೋಮ್‌ಸ್ಟೇ ಕೆರೆ ಏರಿ ನೋಡಿಕೊಳ್ಳೋರು ಯಾರು? ಮ್ಯಾನೇಜರ್ ಆರು ತಿಂಗಳಿಗೊಮ್ಮೆ ಬದಲಾಗ್ತಾನೆ.

ಅಟ್ಲಾಂಟಾ_ಕನ್ನಡಿಗ
ನಾನಿರೋ ಜಾರ್ಜಿಯಾದಲ್ಲೇ ಇಂಥದ್ದೇ ಒಂದು ನಡೆದಿದೆ. ಟಕೋವಾ ಅನ್ನೋ ಊರು, ಕೆಲ್ಲಿ ಬಾರ್ನ್ಸ್ ಡ್ಯಾಮ್. ಹೆಸರಿಗೆ ಡ್ಯಾಮ್, ಎತ್ತರ 40 ಅಡಿಯೂ ಇಲ್ಲ, ಒಂದು ಬೈಬಲ್ ಕಾಲೇಜಿನ ಸ್ವಂತದ್ದು. ಮೊದಲು ಕರೆಂಟಿಗೆ ಕಟ್ಟಿದ್ದು. 1957ರಲ್ಲಿ ಕರೆಂಟ್ ನಿಲ್ಲಿಸಿದರು. ಆಮೇಲೆ ಸುಮ್ನೆ ಚಂದಕ್ಕೆ ಒಂದು ಕೆರೆ, ಮೀನು ಹಿಡಿಯೋದು, ವಿಹಾರ. ಕರೆಂಟ್ ಬರುತ್ತಿದ್ದಾಗ ದಿನಾ ನೋಡೋಕೆ ಜನ ಇದ್ದರು. ಚಂದದ ಕೆರೆಯ ಏರಿ ಯಾರು ನೋಡ್ತಾರೆ?

ಹಿಂಬದಿ ಇಳಿಜಾರು ಕಡಿದು, ಮೇಲೆಲ್ಲ ಮರ. 1973ರಲ್ಲೇ ಹಿಂಬದಿ ಮಣ್ಣು ಒಂದು ಕಡೆ ಜಾರಿದ್ದು ಫೋಟೋದಲ್ಲಿತ್ತು. 1977ರ ನವೆಂಬರ್ 6, ಜೋರು ಮಳೆ, ರಾತ್ರಿ ಒಂದೂವರೆ ಸುಮಾರಿಗೆ ಒಡೆಯಿತು. ಕೆಳಗೆ ಕಾಲೇಜಿನವರೇ ಮಲಗಿದ್ದರು. 39 ಜನ ಸತ್ತರು, ಅವರಲ್ಲಿ ಮಕ್ಕಳೇ ಜಾಸ್ತಿ. ತನಿಖೆ ಮಾಡಿದವರಿಗೆ ಇದೇ ಕಾರಣ ಅಂತ ಒಂದನ್ನು ತೋರಿಸೋಕೆ ಆಗಲಿಲ್ಲ. ಕಡಿದಾದ ಇಳಿಜಾರು, ಒಸರು, ಮರ, ಮಳೆ ಎಲ್ಲ ಸೇರಿಕೊಂಡಿತ್ತು.

ಆಗಿನ ಅಧ್ಯಕ್ಷ ಕಾರ್ಟರ್ ಜಾರ್ಜಿಯಾದವರೇ. ಕೆಳಗೆ ಜನ ಇರೋ ಕಟ್ಟೆಗಳನ್ನೆಲ್ಲ ಸೇನೆಯ ಎಂಜಿನಿಯರುಗಳು ನೋಡಬೇಕು ಅಂತ ಆದೇಶ ಮಾಡಿದರು. 8,800ಕ್ಕೂ ಜಾಸ್ತಿ ನೋಡಿದರು. ಮೂರರಲ್ಲಿ ಒಂದು ಸರಿ ಇರಲಿಲ್ಲ.

ಹೊಂಗೆ_ನೆರಳು
ಅಮೆರಿಕದಲ್ಲೂ ಹೀಗೇನಾ!

ಅಟ್ಲಾಂಟಾ_ಕನ್ನಡಿಗ
ಇದಕ್ಕಿಂತ ಹಳೇದು ಕೇಳಿ. ಪೈಪಿಗೆ ಮೀನಿನ ಬಲೆ ಕಟ್ಟಿದ್ದಾರೆ ಅಂತ ಓದಿದಾಗ ಅದೇ ನೆನಪಾಗಿದ್ದು. ಪೆನ್ಸಿಲ್ವೇನಿಯಾದ ಸೌತ್ ಫೋರ್ಕ್ ಡ್ಯಾಮ್, ಅದೂ ಮಣ್ಣಿನದ್ದು. ದೊಡ್ಡ ದೊಡ್ಡ ಸಾಹುಕಾರರ ಮೀನುಗಾರಿಕೆ ಕ್ಲಬ್ ಅದನ್ನು ಕೊಂಡುಕೊಂಡಿತ್ತು, ಉಕ್ಕಿನ ಸಾಹುಕಾರ ಕಾರ್ನೆಗಿ ಕೂಡ ಸದಸ್ಯ. ತಳದ ಪೈಪುಗಳನ್ನು ಹಿಂದಿನ ಮಾಲೀಕನೇ ಕಿತ್ತು ಗುಜರಿಗೆ ಮಾರಿದ್ದ, ಕ್ಲಬ್ಬಿನವರು ಮತ್ತೆ ಹಾಕಿಸಲಿಲ್ಲ. ಏರಿ ಮೇಲೆ ಸಾರೋಟು ಓಡಾಡಲಿ ಅಂತ ತಲೆಯನ್ನು ತಗ್ಗಿಸಿ ಅಗಲ ಮಾಡಿದರು. ಮೀನು ತಪ್ಪಿಸಿಕೊಳ್ಳಬಾರದು ಅಂತ ಕೋಡಿಗೆ ಜಾಲರಿ ಹಾಕಿದರು. 1889ರ ಮೇ 31ರಂದು ಮಳೆಗೆ ಜಾಲರಿಯಲ್ಲಿ ಕಸ ಕಟ್ಟಿಕೊಂಡಿತು. ನೀರು ಏರಿ ಮೇಲೆ ಹತ್ತಿತು. ಕೆಳಗಿನ ಜಾನ್ಸ್‌ಟೌನ್‌ನಲ್ಲಿ 2,209 ಜನ ಸತ್ತರು.

ಅದು 72 ಅಡಿ ಎತ್ತರದ್ದು, ನಿಮ್ಮದಕ್ಕೆ ಹೋಲಿಕೆ ಇಲ್ಲ. ಆದರೆ ಕೆಲಸ ಒಂದೇ ಥರ. ತಳದಲ್ಲಿ ತೂಬಿಲ್ಲ, ಕೋಡಿ ಬಾಯಿಗೆ ಬಲೆ, ಏರಿ ಮೇಲೆ ಮೋಜು.

ಮಣ್ಣು_ಕೆಲಸ
ಅಮೆರಿಕ ಕಥೆ ಬಿಡಿ. ಇಲ್ಲಿ ಜಾಸ್ತಿ ಹಾಳು ಮಾಡೋದು ಏಡಿ ಮತ್ತು ಹೆಗ್ಗಣ. ಒಂದು ಏಡಿ ತೂತು ಸಾಕು.

ಹೊಂಗೆ_ನೆರಳು
ಏಡಿ ಅಂದ್ರೆ ತಿವರೆ ನೆನಪಾಯ್ತು! ರತ್ನಾಗಿರಿ ಜಿಲ್ಲೆಯ ಡ್ಯಾಮು, 2019ರ ಜುಲೈ 2ರ ರಾತ್ರಿ ಒಡೆದು ಸುಮಾರು ಇಪ್ಪತ್ತು ಜನ ಹೋದರು. ಮಂತ್ರಿ "ಏಡಿಗಳೇ ಕಾರಣ" ಅಂದರು. ಜನ ಪೊಲೀಸ್ ಠಾಣೆಗೆ ಏಡಿ ತಂದು "ಇವರನ್ನು ಅರೆಸ್ಟ್ ಮಾಡಿ" ಅಂತ ಪ್ರತಿಭಟನೆ ಮಾಡಿದರು.

ಹಳೇ_ಓವರ್ಸಿಯರ್
ನಗೋ ವಿಷಯ ನಿಜ. ಆದರೆ ಏಡಿ ತೂತು ಸುಳ್ಳಲ್ಲ. ಗದ್ದೆ ಬದುವಿನಲ್ಲಿ ನೋಡಿರ್ತೀರಲ್ಲ. ತಪ್ಪು ಏಡಿಯದ್ದಲ್ಲ, ತೂತನ್ನು ನೋಡಿ ಮುಚ್ಚದೇ ಇದ್ದವರದ್ದು. ತಿವರೆಯಲ್ಲಿ ಸೋರುತ್ತಿದೆ ಅಂತ ಊರಿನವರು ಮುಂಚೆಯೇ ದೂರು ಕೊಟ್ಟಿದ್ದರು. ಮುಳ್ಳುಹಂದಿ ಬಿಲ ಇನ್ನೂ ಕೆಟ್ಟದ್ದು, ಮನುಷ್ಯ ತೂರೋ ಹಾಗೆ ತೋಡುತ್ತೆ. ಹಿಂಬದಿ ಲಂಟಾನ ಬೆಳೆದಿದ್ದರೆ ಬಿಲ ಕಾಣೋದೇ ಇಲ್ಲ. ಮೊದಲು ಪೊದೆ ಸವರಿಸಿ. ಹುಲ್ಲು ಮಾತ್ರ ಇರಲಿ.

ತೋಟದ_ಹುಡುಗ
ಸಿಲ್ವರ್ ಓಕ್ ಕಡಿಸೋದಾ ಹಾಗಾದ್ರೆ? ಮೆಣಸು ಫಸಲು ಬೇರೆ ಇದೆ, ಚಿಕ್ಕಪ್ಪ ಒಪ್ಪಲ್ಲ.

ಹೋಮ್‌ಸ್ಟೇ_ಅಕ್ಕ
ಮರದ ಬೇರು ಮಣ್ಣನ್ನು ಹಿಡಿದುಕೊಳ್ಳುತ್ತೆ ಅಲ್ವಾ? ಗುಡ್ಡ ಕುಸಿಯೋದು ಮರ ಕಡಿದಾಗಲೇ. 2018ರಲ್ಲಿ ಕೊಡಗಿನಲ್ಲಿ ನೋಡಲಿಲ್ವಾ.

ಏರಿ_ಎಂಜಿನಿಯರ್
ಗುಡ್ಡಕ್ಕೆ ನೀವು ಹೇಳಿದ್ದು ಸರಿ ಮೇಡಂ. ಏರಿಗೆ ಅಲ್ಲ. ಗುಡ್ಡದ ಒಂದು ಪಕ್ಕಕ್ಕೆ ನೀರು ಒತ್ತಿಕೊಂಡು ನಿಂತಿರಲ್ಲ. ಏರಿಯಲ್ಲಿ ಬೇರಿನ ಜಾಡು ಹಿಡಿದು ನೀರು ದಾಟುತ್ತೆ. ಗಾಳಿಗೆ ದೊಡ್ಡ ಮರ ಬುಡಸಮೇತ ಉರುಳಿದರೆ ತಲೆಯಲ್ಲೇ ಒಂದು ಹೊಂಡ.

ಆದರೆ ಈಗ ಮರ ಕಡಿದು ಬೇರು ಒಳಗೇ ಬಿಡೋದು ಇನ್ನೂ ಕೆಟ್ಟದ್ದು. ಬೇರು ಕೊಳೆತು ಕೊಳವೆ ಆಗುತ್ತೆ. ಮಳೆ ಮುಗಿದ ಮೇಲೆ, ಕೆರೆ ಖಾಲಿ ಮಾಡಿ, ಬೇರು ಸಮೇತ ಕಿತ್ತು, ಆ ಜಾಗಕ್ಕೆ ಪದರ ಪದರವಾಗಿ ಮಣ್ಣು ತುಂಬಿ ಧಮ್ಮಸ್ ಹೊಡೆಸಬೇಕು. ಈ ವರ್ಷ ಕೊಂಬೆ ಸವರಿ ಭಾರ ಮತ್ತು ಗಾಳಿ ಕಡಿಮೆ ಮಾಡಿ, ಸಾಕು.

ವಕೀಲ್_ಸಾಬ್
ಕಾನೂನು ಯಾರೂ ಕೇಳಲಿಲ್ಲ, ಆದರೂ ಹೇಳ್ತೀನಿ.

2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ 15 ಮೀಟರಿಗಿಂತ ಎತ್ತರದವಕ್ಕೆ. 10ರಿಂದ 15 ಮೀಟರ್ ಇದ್ದರೆ ಉದ್ದ 500 ಮೀಟರ್, ಅಥವಾ ನೀರು ಹತ್ತು ಲಕ್ಷ ಘನ ಮೀಟರ್, ಹೀಗೆ ಇನ್ನೊಂದಷ್ಟು ಷರತ್ತು. ಇವರದ್ದು 6 ಮೀಟರ್. ಕಾಯ್ದೆ ಒಳಗೆ ಬರಲ್ಲ. ಆ ಕಾಯ್ದೆ ಪ್ರಕಾರ ಯಾರೂ ಬಂದು ತಪಾಸಣೆ ಮಾಡಲ್ಲ. ಹಾಗಂತ ಮಾಲೀಕ ಆರಾಮಾಗಿರಬಹುದು ಅಂತಲ್ಲ. ತದ್ವಿರುದ್ಧ.

ಇಂಗ್ಲೆಂಡಿನಲ್ಲಿ 1868ರಲ್ಲಿ ತೀರ್ಪಾದ ರೈಲ್ಯಾಂಡ್ಸ್ ಕೇಸು ಕಾನೂನು ಓದಿದ ಎಲ್ಲರಿಗೂ ಗೊತ್ತು. ಗಿರಣಿ ಮಾಲೀಕ ತನ್ನ ಜಾಗದಲ್ಲಿ ಕೆರೆ ಕಟ್ಟಿಸಿದ, ನೀರು ನುಗ್ಗಿ ಪಕ್ಕದವನ ಗಣಿ ಮುಳುಗಿತು. ಮಾಲೀಕನದ್ದು ನಿರ್ಲಕ್ಷ್ಯ ಇಲ್ಲದಿದ್ದರೂ ನಷ್ಟ ಕಟ್ಟಿಕೊಡಬೇಕು ಅಂತಾಯಿತು. ನಿನ್ನ ನೀರು, ನಿನ್ನ ಹೊಣೆ.

ಆಮೇಲೆ ನಮ್ಮ ಕಡೆಯದ್ದು. ಕಾರ್ವೇಟಿನಗರದ ಜಮೀನ್ದಾರರ ಕೆರೆಗಳು ಮಳೆಗೆ ಒಡೆದು ಮದ್ರಾಸ್ ರೈಲ್ವೆ ಕಂಪನಿಯ ಹಳಿ ಕೊಚ್ಚಿ ಹೋಯಿತು. ಕಂಪನಿ ಇದೇ ತತ್ವ ಹಿಡಿದು ಕೇಸು ಹಾಕಿತು. 1874ರಲ್ಲಿ ಪ್ರಿವಿ ಕೌನ್ಸಿಲ್, ಅಂದರೆ ಲಂಡನ್ನಿನಲ್ಲಿದ್ದ ಆಗಿನ ಕೊನೇ ಮೇಲ್ಮನವಿ ಕೋರ್ಟು, ಜಮೀನ್ದಾರರ ಪರ ತೀರ್ಪು ಕೊಟ್ಟಿತು. ಈ ದೇಶದಲ್ಲಿ ಕೆರೆ ಇಲ್ಲದೆ ಬೇಸಾಯ ಇಲ್ಲ, ಹಿಂದಿನಿಂದ ಬಂದ ಕೆರೆಯನ್ನು ಜನರಿಗಾಗಿ ಉಳಿಸಿಕೊಳ್ಳೋದು ಜಮೀನ್ದಾರರ ಕರ್ತವ್ಯ, ಅವರು ಎಚ್ಚರಿಕೆಯಿಂದಲೇ ನೋಡಿಕೊಂಡಿದ್ದರು ಅಂತ.

ಈಗ ಹೇಳಿ, ಪೆಡಲ್ ಬೋಟ್ ಬಿಡೋಕೆ ಕಟ್ಟಿದ ಕೆರೆಗೆ ಈ ರಕ್ಷಣೆ ಸಿಗುತ್ತಾ? ನನ್ನ ಲೆಕ್ಕದಲ್ಲಿ ಸಿಗಲ್ಲ. ಒಸರು ಕಣ್ಣಾರೆ ನೋಡಿ ಸುಮ್ಮನಿದ್ದರೆ, ಜನಕ್ಕೆ ಏನಾದರೂ ಆದರೆ ಕ್ರಿಮಿನಲ್ ಕೇಸು ಬೇರೆ.

ಸುಮ್ನೆ_ಓದುಗ
ವಕೀಲ್ ಸಾಬ್ರು ಫೀಸ್ ಇಲ್ಲದೆ ಇಷ್ಟು ಬರೆದಿದ್ದು ಇದೇ ಮೊದಲು.

ವಕೀಲ್_ಸಾಬ್
ಬಿಲ್ ಕಳಿಸ್ತೀನಿ ಇರಿ.

ತೋಟದ_ಹುಡುಗ
ಇದನ್ನೆಲ್ಲ ಚಿಕ್ಕಪ್ಪನಿಗೆ ಓದಿ ಹೇಳಿದೆ. ಶಾಸನಕ್ಕೆ ನಕ್ಕರು. 39 ಜನ ಅಂದಾಗ ಸುಮ್ಮನಾದರು. ಕೋರ್ಟ್ ಅಂದಾಗ ಎದ್ದು ಕೂತರು.

ಆದರೆ ಇನ್ನೊಂದು ವಿಷಯ ಮೇಸ್ತ್ರಿಯಿಂದ ಗೊತ್ತಾಯಿತು. ಬೇಸಿಗೆಯಲ್ಲಿ ಬೋಟು ತಳ ತಾಗಬಾರದು ಅಂತ ಪೈಪುಗಳ ಬಾಯಿಗೆ ಮರಳು ಚೀಲ ಇಟ್ಟು ಮಟ್ಟ ಇನ್ನೂ ಒಂದು ಅಡಿ ಏರಿಸಿಕೊಳ್ಳುತ್ತಿದ್ದರಂತೆ. ಹೋದ ಮಳೆಗಾಲದಲ್ಲಿ ಚೀಲ ತೆಗೆಯೋಕೆ ಮರೆತು, ಆರಿದ್ರಾ ಮಳೆಯಲ್ಲಿ ನೀರು ಏರಿ ತಲೆಗೆ ಗೇಣು ದೂರದವರೆಗೆ ಬಂದಿತ್ತಂತೆ. ರಾತ್ರಿ ಲೈನ್ ಮನೆಯ ಹುಡುಗರೇ ಹೋಗಿ ಚೀಲ ಎಳೆದು ಹಾಕಿದ್ದಾರೆ. ನಮಗ್ಯಾರಿಗೂ ಹೇಳೇ ಇಲ್ಲ.

ಹಳೇ_ಓವರ್ಸಿಯರ್
ಆ ಹುಡುಗರಿಗೆ ಊಟ ಹಾಕಿಸಿ ಮೊದಲು. ಮನೆ ಕೊಚ್ಚಿ ಹೋಗೋದು ಅವರದ್ದು, ಕಾವಲು ಕಾದಿದ್ದೂ ಅವರೇ.

ಏರಿ_ಎಂಜಿನಿಯರ್
ಸರಿ, ಈಗ ಕೆಲಸ ಹೇಳ್ತೀನಿ. ನಾನು ಜಾಗ ನೋಡಿಲ್ಲ. ಯಾರಾದರೂ ಎಂಜಿನಿಯರ್ ಬಂದು ನೋಡುವವರೆಗೆ ಮಾಡಬಹುದಾದ್ದು ಇಷ್ಟು.

ಮಟ್ಟ ಇಳಿಸಿ. ತಳದಲ್ಲಿ ತೂಬಿಲ್ಲ, ಆದ್ದರಿಂದ ಸೈಫನ್. 4 ಇಂಚಿನ ಎಚ್‌ಡಿಪಿಇ ಪೈಪನ್ನು ಏರಿ ಮೇಲಿಂದ ದಾಟಿಸಿ, ಎರಡೂ ತುದಿ ಮುಚ್ಚಿ, ಮೇಲಿನಿಂದ ನೀರು ತುಂಬಿ, ಗಾಳಿ ಹೋದ ಮೇಲೆ ಆ ಮೇಲಿನ ಬಾಯಿ ಮುಚ್ಚಿ ತುದಿ ಬಿಡಿ. ತುದಿ ಕೆರೆ ಮಟ್ಟಕ್ಕಿಂತ ಚೆನ್ನಾಗಿ ಕೆಳಗಿರಬೇಕು. ಏರಿ ಬುಡದಲ್ಲಿ ಬೀಳಬಾರದು, ಮುಂದೆ ಹಳ್ಳದ ಬಂಡೆ ಮೇಲೆ ಬೀಳಲಿ. ಸೆಕೆಂಡಿಗೆ 15 ಲೀಟರ್ ಹೋದರೂ ದಿನಕ್ಕೆ ಒಂದು ಅಡಿ ಹತ್ತಿರ ಇಳಿಯುತ್ತೆ. ಅದಕ್ಕಿಂತ ಬೇಗ ಇಳಿಸೋಕೆ ಹೋಗಬೇಡಿ. ನೆನೆದ ಮಣ್ಣಿಗೆ ಒತ್ತಿಕೊಂಡಿದ್ದ ನೀರು ತಟ್ಟನೆ ಹೋದರೆ ಒಳಬದಿ ಇಳಿಜಾರು ಜಾರಿ ಕೆರೆಗೆ ಬೀಳುತ್ತೆ. ಎಂಟು ಅಡಿಯಾದರೂ ಇಳಿಸಿ.

ಕೋಡಿ ತೋಡಿಸಿ. ಏರಿ ಮೇಲೆ ಬೇಡ, ಏರಿ ಮುಗಿದು ಗುಡ್ಡದ ಗಟ್ಟಿ ನೆಲ ಶುರುವಾಗೋ ಕಡೆ. ಹೊಸ ಮಣ್ಣಲ್ಲಿ ಕೋಡಿ ಮಾಡಿದರೆ ಅದೇ ಒಡೆಯೋ ಜಾಗ. 5 ಸೆಂಟಿಮೀಟರ್ ಮಳೆಗೆ, ಕೋಡಿ ಮೇಲೆ ಒಂದೂವರೆ ಅಡಿ ನೀರು ಹರಿದರೆ, ಆರು ಅಡಿ ಅಗಲ ಸಾಕು ಅಂತ ಲೆಕ್ಕ ಬರುತ್ತೆ. ನಾನಾದರೆ 10 ಸೆಂಟಿಮೀಟರ್ ಹಿಡಿದು ಹನ್ನೆರಡು ಅಡಿ ಮಾಡ್ತೀನಿ. ಬಲೆ ಬೇಡವೇ ಬೇಡ. ಮೀನು ಹೋದರೆ ಹೋಗಲಿ.

ಒಸರೋ ಜಾಗಕ್ಕೆ ಮೊದಲು ದಪ್ಪ ಮರಳು, ಅದರ ಮೇಲೆ ಸಣ್ಣ ಜಲ್ಲಿ, ಆಮೇಲೆ ದಪ್ಪ ಜಲ್ಲಿ, ಕೊನೆಗೆ ಕಲ್ಲು. ನೀರು ಬರಲಿ, ಮಣ್ಣು ಬರಬಾರದು. ಬಿರುಕಿಗೆ ಟಾರ್ಪಾಲ್ ಹೊದಿಸಿ, ಮಳೆ ನೀರು ಒಳಗೆ ಇಳಿಯಬಾರದು. ಬಿರುಕಿನ ಎರಡೂ ಕಡೆ ಗೂಟ ಹೊಡೆದು ಅಂತರ ಅಳೆದಿಡಿ. ಅಗಲ ಆಗ್ತಾ ಇದ್ದರೆ ಏರಿ ಜಾರ್ತಾ ಇದೆ ಅಂತ.

ಮಣ್ಣು_ಕೆಲಸ
ಕೋಡಿ ಕೆಲಸ ಎರಡು ದಿನದ್ದು. ಅಲ್ಲಿ ಜಂಬಿಟ್ಟಿಗೆ ಸಿಕ್ಕಿದರೆ ಬ್ರೇಕರ್ ಬೇಕಾಗುತ್ತೆ, ಸಿಕ್ಕಿದರೆ ಪುಣ್ಯ. ಹಳ್ಳ ಸೇರೋವರೆಗೂ ಕಲ್ಲು ಹಾಸಿ. ಮೃಗಶಿರ ಹಿಡಿದ ಮೇಲೆ ಗಾಡಿ ಇಳಿಯಲ್ಲ, ಬೇಗ ಮಾಡಿಸಿ.

ಹೊಂಗೆ_ನೆರಳು
ಮಧ್ಯಪ್ರದೇಶದ ಧಾರ್ ಜಿಲ್ಲೆಯಲ್ಲೂ ಹೀಗೇ ಮಾಡಿದ್ದರು ಅಲ್ವಾ? 2022ರ ಆಗಸ್ಟ್, ಕಾರಮ್ ಡ್ಯಾಮ್. ಕಟ್ಟುತ್ತಿರುವಾಗಲೇ ಸೋರಿತು. 18 ಹಳ್ಳಿ ಖಾಲಿ ಮಾಡಿಸಿ, ಪಕ್ಕದಲ್ಲಿ ಕಾಲುವೆ ಕಡಿದು ನೀರು ಬಿಟ್ಟರು. ಟೀವಿಯಲ್ಲಿ ಇಡೀ ದಿನ ಅದೇ.

ಏರಿ_ಎಂಜಿನಿಯರ್
ಹೌದು. ಜನರನ್ನು ಮೊದಲು ಎಬ್ಬಿಸಿದ್ದರಿಂದ ಯಾರೂ ಸಾಯಲಿಲ್ಲ. ಇಲ್ಲೂ ಲೈನ್ ಮನೆಯವರಿಗೆ ಈಗಲೇ ಹೇಳಿ. ಜೋರು ಮಳೆ ರಾತ್ರಿ ಮಲಗೋಕೆ ಮೇಲಿನ ಗೋಡೌನ್ ಬಿಟ್ಟುಕೊಡಿ. ಒಸರು ನೀರು ಕೆಂಪಾದರೆ ಯಾರ ಅಪ್ಪಣೆಗೂ ಕಾಯದೆ ಎಲ್ಲರೂ ಗುಡ್ಡ ಹತ್ತಬೇಕು, ಆಮೇಲೆ ಜಿಲ್ಲಾ ಕಂಟ್ರೋಲ್ ರೂಮಿಗೆ 1077.

ತೋಟದ_ಹುಡುಗ
ಅಪ್‌ಡೇಟ್. ಸೈಫನ್ ಹರಿಯುತ್ತಿದೆ. ಮಟ್ಟ ಐದು ಅಡಿ ಇಳಿದಿದೆ, ಬೋಟು ಕೆಸರಲ್ಲಿ ಕೂತಿದೆ. ಒಸರು ಅರ್ಧಕ್ಕಿಂತ ಕಡಿಮೆ ಆಗಿದೆ. ಹತ್ತು ಲೀಟರಿಗೆ ಈಗ ಎರಡು ನಿಮಿಷ. ಹಾಸನದಿಂದ ಒಬ್ಬ ನಿವೃತ್ತ ಎಂಜಿನಿಯರ್ ಬಂದು ನೋಡಿದರು. ಬಲಗಡೆ ಗುಡ್ಡದಲ್ಲಿ ಕೋಡಿಗೆ ಗುರುತು ಹಾಕಿದ್ದಾರೆ, ನಾಳೆ ಗಾಡಿ ಬರುತ್ತೆ. ಮೇ ಕೊನೆ ವಾರದ ಬುಕಿಂಗ್‌ನವರು "ಲೇಕ್ ವ್ಯೂ ಎಲ್ಲಿ" ಅಂತ ಕೇಳಿ ದುಡ್ಡು ವಾಪಸ್ ಕೇಳಿದರಂತೆ. ಆ ಸಿಟ್ಟು ನನ್ನ ಮೇಲಿದೆ.

ಸುಮ್ನೆ_ಓದುಗ
"ಮಡ್ ವ್ಯೂ" ಅಂತ ಹಾಕಿ, ಬೆಂಗಳೂರಿನೋರು ಅದಕ್ಕೂ ಬರ್ತಾರೆ.

ಹೋಮ್‌ಸ್ಟೇ_ಅಕ್ಕ
ನಾನೂ ನಿನ್ನೆ ನಮ್ಮ ಕೋಡಿ ನೋಡಿಕೊಂಡು ಬಂದೆ. ಅರ್ಧ ಅಗಲಕ್ಕೆ ನಮ್ಮವರು ಪಾರ್ಕಿಂಗ್‌ಗೆ ಅಂತ ಮಣ್ಣು ತುಂಬಿಸಿದ್ದಾರೆ! ನನಗೆ ಗೊತ್ತೇ ಇರಲಿಲ್ಲ. ನಮ್ಮದು ಸುಮಾರು 35 ಎಕರೆ ಗುಡ್ಡದ ನೀರು. ಓವರ್ಸಿಯರ್ ಸರ್, ಎಷ್ಟು ಅಗಲ ಬಿಡಿಸಬೇಕು?

ಹಳೇ_ಓವರ್ಸಿಯರ್
ಮೊದಲಿದ್ದಷ್ಟೂ ಬಿಡಿಸಿ ಮೇಡಂ, ನಿಮ್ಮ ಮಾವನವರ ಅಳತೆ ಅಲ್ಲೇ ಇದೆಯಲ್ಲ. ಹಾಸುಗಲ್ಲು ಸಿಗೋವರೆಗೂ ಅಗೆಸಿ. ಕಾರು ಬೇರೆ ಕಡೆ ನಿಲ್ಲಿಸಲಿ.